ಆಲೆಮನೆಯವನ ಮಗಳ ಹಲ್ಲು

ನಮ್ಮದು ಪಾಂಡವಪುರದ ಕಡೆ ಆಲೆಮನೆ. ಬೆಲ್ಲ ಮಾರಿ ಬದುಕೋನ ಮಗನ ಹಲ್ಲೇ ಹುಳುಕಾದರೆ ಊರು ನಗದೆ ಬಿಡುತ್ತಾ? ದೊಡ್ಡವನ ವಿಷಯದಲ್ಲಿ ಚೆನ್ನಾಗೇ ನಕ್ಕರು. ಚಿಕ್ಕವಳಿಗೆ ಈಗ ಮೂರು ವರ್ಷ ಎರಡು ತಿಂಗಳು. ಇಪ್ಪತ್ತಕ್ಕೆ ಇಪ್ಪತ್ತೂ ಹಲ್ಲು ಬಂದಿವೆ, ಒಂದರಲ್ಲೂ ಚುಕ್ಕೆ ಇಲ್ಲ. ಅಂಗನವಾಡಿಗೆ ತಪಾಸಣೆಗೆ ಬಂದಿದ್ದ ಡಾಕ್ಟರಮ್ಮ ನಂಬದೆ ಎರಡು ಸಲ ಟಾರ್ಚ್ ಬಿಟ್ಟು ನೋಡಿದ್ರು. ಅದಕ್ಕೇ ಇದನ್ನ ಬರೀತಿರೋದು.

ದೊಡ್ಡವನಿಗೆ ಒಂದು ವರ್ಷ ದಾಟಿದಾಗ ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ, ಒಸಡಿಗೆ ಅಂಟಿದ ಹಾಗೆ, ಸುಣ್ಣ ಬಳಿದಂಥ ಬಿಳಿ ಗೀರು ಕಂಡಿತ್ತು. ಹಾಲಿನ ಕರೆ ಅಂದ್ಕೊಂಡು ಟವೆಲ್ ತುದೀಲಿ ಒರೆಸಿದೆ. ಹೋಗಲಿಲ್ಲ, ಬಿಟ್ಟೆ. ಹುಳುಕು ಶುರುವಾಗೋದೇ ಹಾಗೆ ಅಂತ ಆಮೇಲೆ ಗೊತ್ತಾಯ್ತು. ಒಂದೂವರೆ ವರ್ಷಕ್ಕೆ ಗೀರು ಕಂದು ಬಣ್ಣಕ್ಕೆ ತಿರುಗ್ತು, ಎರಡು ತುಂಬೋ ಹೊತ್ತಿಗೆ ಮುಂದಿನ ನಾಲ್ಕೂ ಹಲ್ಲು ಮೊಂಡು. ಬಾಟಲಿ ಬಾಯಲ್ಲಿಟ್ಟೇ ಮಲಗಿಸ್ತಿದ್ವಿ, ಅದರೊಳಗೆ ಹಾಲಿಗೆ ನಮ್ಮದೇ ಬೆಲ್ಲ. "ಹಾಲಲ್ಲು ಕಣ್ಲಾ, ಬಿದ್ದೋಯ್ತವೆ ಸುಮ್ಕಿರು" ಅಂದಳು ಅವ್ವ. ನಾನೂ ಸುಮ್ಕಿದ್ದೆ. ದವಡೇಲಿರೋ ಹಾಲುಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ಬೇಕು ಅನ್ನೋದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಮೊದಲು ತೋರಿಸಿದ ಕಡೆ "ಚಿಕ್ಕ ಮಗು, ಏನೂ ಮಾಡಕ್ಕಾಗಲ್ಲ" ಅಂತ ಟಾನಿಕ್ ಬರೆದು 300 ತಗೊಂಡ್ರು. ಮೂರೂವರೆ ವರ್ಷಕ್ಕೆ ಕೆನ್ನೆ ಊದಿತು. ಮೈಸೂರಿಗೆ ಆರೇಳು ಸಲ ಓಡಾಟ, ಎರಡು ದವಡೆ ಹಲ್ಲಿಗೆ ರೂಟ್ ಕೆನಾಲ್, ಮೇಲೆ ಸ್ಟೀಲ್ ಕ್ಯಾಪ್, ಮುಂದಿನ ಎರಡು ಕಿತ್ತೇ ಹಾಕಿದ್ರು. ಎಲ್ಲಾ ಸೇರಿ 18–20 ಸಾವಿರ. ಪೆಟ್ರೋಲು, ಆಲೆ ನಿಂತ ದಿನಗಳ ಲೆಕ್ಕ ನಾನು ಹಾಕಿಲ್ಲ, ಹಾಕಿದ್ರೆ ಹೊಟ್ಟೆ ಉರಿಯುತ್ತೆ.

ಚಿಕ್ಕವಳಿಗೆ ಎರಡು ತಿಂಗಳು ತುಂಬಿದಾಗಿಂದಲೇ ಹಳೇ ಪಂಚೆ ತುಂಡು ಒದ್ದೆ ಮಾಡಿ, ಬೆರಳಿಗೆ ಸುತ್ತಿ ಒಸಡು ಒರೆಸಿದೆ. ಏಳನೇ ತಿಂಗಳು ಕೆಳಗೆ ಮೊದಲ ಹಲ್ಲು. ಬೆರಳಿಗೆ ಹಾಕೋ ಸಿಲಿಕಾನ್ ಬ್ರಷ್ 120 ಕೊಟ್ಟು ತಂದೆ, ದಂಡ. ಹುಡುಗಿ ಬ್ರಷ್ ಬಿಟ್ಟು ನನ್ನ ಬೆರಳನ್ನೇ ಕಚ್ಚಿದ್ಲು. "ಮಕ್ಕಳದ್ದು" ಅಂತ 150ಕ್ಕೆ ತಂದ ಪೇಸ್ಟಲ್ಲಿ ಹುಳುಕು ತಡೆಯೋ ಫ್ಲೋರೈಡೇ ಇಲ್ಲ. ಡಬ್ಬಿ ಮೇಲೆ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಸಾವಿರ ಪಾಲು) ಅಂತ ಇರೋದು ನೋಡಿ ತಗೊಳ್ಳಿ ಅಂತ ಮೈಸೂರಿನ ಡಾಕ್ಟರೇ ಹೇಳಿದ್ರು, ಅಕ್ಕಿ ಕಾಳಿನಷ್ಟು ಸವರಿದರೆ ಸಾಕು ಅಂತಲೂ. ನನ್ನ ಹೆಂಡತಿಗೆ ಮಗು ನುಂಗಿಬಿಟ್ಟರೆ ಅಂತ ಭಯ. ಅಷ್ಟು ಚೂರಾದರೆ ಭಯವಿಲ್ಲ, ಟ್ಯೂಬು ಕೈಗೆ ಕೊಡಬೇಡಿ ಅಂದ್ರು.

ಆದರೂ ತಿಂಗಳುಗಟ್ಟಲೆ ಬ್ರಷ್ ಕಂಡರೆ ಕಿರುಚಾಟ. ಕೊನೆಗೆ ಸಿಕ್ಕಿದ ಕಾರಣ ಇಷ್ಟೇ: ಮೇಲ್ದುಟಿ ಎತ್ತಿದರೆ ಮಧ್ಯ ಒಂದು ತೆಳು ಪಟ್ಟಿ ಇರುತ್ತಲ್ಲ, ಬ್ರಷ್ ಅದಕ್ಕೆ ತಾಗಿ ನೋಯ್ತಿತ್ತು. ಈಗ ತೋರುಬೆರಳನ್ನ ಆ ಪಟ್ಟಿ ಮೇಲಿಟ್ಟೇ ಉಜ್ಜೋದು. ನಾನೂ ಹೆಂಡತಿಯೂ ಎದುರುಬದುರು ಮಂಡಿ ಕೂಡಿಸಿ ಕೂರ್ತೀವಿ. ಮಗುವಿನ ತಲೆ ನನ್ನ ತೊಡೆ ಮೇಲೆ, ಕಾಲು ಅವಳ ಕಡೆ. ಬಾಯಿ ಪೂರ್ತಿ ಕಾಣುತ್ತೆ. ಬಾಯಿ ತೆಗೆಸೋಕೆ ನಾನು ಏನು ಮಾಡ್ತೀನಿ ಅಂತ ಮಾತ್ರ ಕೇಳಬೇಡಿ, ಅದು ನಮ್ಮ ಮನೆ ಗುಟ್ಟು.

ಹಲ್ಲು ಬರೋ ಕಾಟಕ್ಕೆ ಅವ್ವ ಬೆರಳಿಗೆ ಜೇನು ಹಚ್ಚಿ ತಂದಿದ್ಲು. ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ ಅಂತ ನಮಗೆ ದೊಡ್ಡ ಜಗಳ. ನಾನು ತಣ್ಣನೆ ಕ್ಯಾರೆಟ್ ಕೊಟ್ಟು ಜಾಣ ಅನ್ನಿಸ್ಕೊಳ್ಳೋಕೆ ಹೋದೆ. ಕಚ್ಚಿದ ಚೂರು ಗಂಟಲ ಹತ್ತಿರ ಹೋಗಿ ಜೀವ ಬಾಯಿಗೆ ಬಂತು. ಆಮೇಲೆ ಒದ್ದೆ ಬಟ್ಟೆಯನ್ನ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಅಗಿಯೋಕೆ ಕೊಟ್ವಿ, ಸಾಕಾಯ್ತು. ಕೊಳೆ ಎಲ್ಲಿ ಉಳಿದಿದೆ ನೋಡೋಣ ಅಂತ ಬೀಟ್‌ರೂಟ್ ರಸ ಹಚ್ಚಿದ್ದೂ ಉಂಟು. ಕೊಳೆ ಕಾಣಲಿಲ್ಲ, ನನ್ನ ಬಿಳಿ ಬನಿಯನ್ ಹಾಳಾಯ್ತು.

ನಿಜವಾದ ಕಷ್ಟ ರಾತ್ರಿ ಬಾಟಲಿ ಬಿಡಿಸೋದು. ವರ್ಷ ತುಂಬಿ, ಮುದ್ದೆ-ಸಾರು, ಅನ್ನ ಚೆನ್ನಾಗಿ ತಿನ್ನೋಕೆ ಶುರು ಮಾಡಿದ ಮೇಲೆ ಕೈ ಹಾಕಿದ್ದು. ಎರಡು ರಾತ್ರಿಗೊಂದು ಸಲ ಸ್ವಲ್ಪ ಹಾಲು ಕಮ್ಮಿ, ಅಷ್ಟೇ ನೀರು ಜಾಸ್ತಿ. ಐದನೇ ರಾತ್ರಿ ನನ್ನ ಹೆಂಡತಿ ಸೋತು ಗಟ್ಟಿ ಹಾಲೇ ಕೊಟ್ಟಳು, ಮತ್ತೆ ಮೊದಲಿಂದ. ಎರಡನೇ ಸಲ ಹದಿನೈದು ದಿನದೊಳಗೆ ಬರೀ ನೀರಾಯ್ತು, ಆಮೇಲೆ ಮಗಳೇ ಬಾಟಲಿ ಬಿಸಾಕಿದ್ಲು. ಬೆಲ್ಲ ಪೂರ್ತಿ ನಿಲ್ಲಿಸಿಲ್ಲ, ಆಲೆಮನೆ ಮಗಳಿಗೆ ಹೇಗೆ ನಿಲ್ಲಿಸೋದು? ಬಿಸಿ ಬೆಲ್ಲ ಊಟದ ಜೊತೆಗೇ ತಿನ್ನಬೇಕು, ಮೇಲೆ ನೀರು. ದಿನಪೂರ್ತಿ ಚೀಪೋದು, ರಾತ್ರಿ ಉಜ್ಜಿದ ಮೇಲೆ ಏನಾದರೂ ತಿನ್ನೋದು, ಎರಡೂ ಇಲ್ಲ.

ಖರ್ಚು? ಮೂರು ತಿಂಗಳಿಗೊಂದು ಬ್ರಷ್ 40–50, ಪೇಸ್ಟು ನೂರರ ಆಸುಪಾಸು. ಪ್ರತಿ ಭಾನುವಾರ ತುಟಿ ಎತ್ತಿ ಬಿಳಿ ಗೀರು ಹುಡುಕೋದು ಬಿಟ್ಟಿ. ಟಾರ್ಚ್ ಹಿಡಿಯೋಳು ಅವ್ವನೇ. ಮೂರು ತುಂಬಿದ ಮೇಲೆ ಬಟಾಣಿಯಷ್ಟು ಪೇಸ್ಟ್ ಹಾಕಬಹುದು, ಉಗಿಯೋಕೆ ಬಂದ್ರೆ. ಇವಳಿಗೆ ಬರುತ್ತೆ, ಆದ್ರೆ ಗುರಿ ಇಟ್ಟು ನಮ್ಮ ನಾಯಿ ಮೇಲೇ ಉಗೀತಾಳೆ. ಈಗ ನಡೀತಿರೋ ಯುದ್ಧ ಅದು.