ಎದ್ದೇಳಲಾರದ ನಾಯಿಯ ಆರೈಕೆ

ಕಾಯಿಲೆಯಿಂದ ಮಲಗಿದಲ್ಲೇ ಇರುವ ನಾಯಿಗೆ ಹಾಸಿಗೆ ಹುಣ್ಣು ಬಹುಬೇಗ ಆಗುತ್ತದೆ. ಭಾರ ಒಂದೇ ಕಡೆ ಬಿದ್ದು ಭುಜ, ಸೊಂಟ, ಮೊಣಕೈ ಎಲುಬಿನ ಮೇಲಿನ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯದಿರುವುದೇ ಕಾರಣ. ದಪ್ಪ ಫೋಮ್ ಹಾಸಿಗೆಯ ಮೇಲೆ ತೇವ ಹೀರುವ ಪ್ಯಾಡ್ ಹರಡಿ, ರಾತ್ರಿಯೂ ಬಿಡದೆ 4 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೂತ್ರ ತಾಗಿದ ಜಾಗವನ್ನು ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಪೂರ್ತಿ ಒಣಗಿಸಿ. ಚರ್ಮ ಕೆಂಪಾಗಿದ್ದರೆ ಆ ಮಗ್ಗುಲಿಗೆ ಮಲಗಿಸಬೇಡಿ, ಉಜ್ಜಲೂಬೇಡಿ.

ಊಟ ಕೊಡುವಾಗ ಅವಸರ ಸಲ್ಲದು. ಎದೆ ಊರಿ ಕೂರುವಂತೆ ಟವೆಲ್ ಸುರುಳಿಗಳ ಆಸರೆ ಕೊಡಿ. ಸಿರಿಂಜಿನ ತುದಿಯನ್ನು ಕೋರೆಹಲ್ಲಿನ ಹಿಂದೆ, ಕೆನ್ನೆಯ ಸಂದಿಯಲ್ಲಿಟ್ಟು 1–2 ಮಿ.ಲೀ. ಮಾತ್ರ ಬಿಡಿ, ನುಂಗಿದ್ದು ಕಂಡ ಮೇಲೆಯೇ ಮುಂದಿನದು. ತಲೆ ಮೇಲೆತ್ತಿ ಸುರಿದರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ವಾಂತಿ, ಮಂಪರು ಇದ್ದಾಗ ಬಾಯಿಗೆ ಏನೂ ಹಾಕದೆ ವೈದ್ಯರನ್ನು ಕೇಳಿ.

ನಾಯಿ ನಿದ್ದೆಯಲ್ಲಿರುವಾಗ 30 ಸೆಕೆಂಡು ಉಸಿರು ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ವೈದ್ಯರಿಗೆ ಅಂದೇ ತಿಳಿಸಿ. ವಸಡು ಬಿಳಿಚಿದರೆ, ನೀಲಿಯಾದರೆ ತಕ್ಷಣ ಕರೆದೊಯ್ಯಿರಿ. ನೋವಿದ್ದರೂ ಎಷ್ಟೋ ನಾಯಿಗಳು ಕೂಗುವುದಿಲ್ಲ: ನಡುಕ, ಏದುಸಿರು, ಮುಟ್ಟಿದರೆ ಬಿಗಿಯುವ ಮೈ ಗಮನಿಸಿ. ಮನುಷ್ಯರ ಐಬುಪ್ರೊಫೆನ್ ಕೊಡಲೇಬೇಡಿ, ಅದು ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೂ ಕೆಡಿಸುತ್ತದೆ.