ಸ್ಕೂಟರ್‌ನ ಟ್ಯಾಪೆಟ್ ಮನೆಯಲ್ಲೇ ಹೊಂದಿಸುವುದು ಹೇಗೆ?

ಪರ್ಕಳದ ಏರಿನಲ್ಲಿ ಸ್ಕೂಟರ್ ಏದುಸಿರು ಬಿಡುತ್ತದೆ, ಬೆಳಗ್ಗೆ ಹತ್ತು ಸಲ ಕಿಕ್ ಹೊಡೆದರೂ ಎದ್ದೇಳುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಶಬ್ದ ಹೇಗಿದೆ ಎಂದು ಕೇಳಿದೆ. ‘ಶಬ್ದವೇ ಇಲ್ಲ ಮಾರಾಯ್ರೇ, ಹೊಸ ಗಾಡಿಯ ಹಾಗಿದೆ’ ಎಂದರು. ನನಗೆ ಸಂಶಯ ಬಂದದ್ದು ಆ ಮಾತಿನಿಂದಲೇ. ಮೂರು ತಿಂಗಳ ಹಿಂದೆ ಎಂಜಿನ್‌ನಲ್ಲಿ ಟಿಕ್ ಟಿಕ್ ಎನ್ನುತ್ತದೆಂದು ಅವರು ಒಂದು ಗ್ಯಾರೇಜಿಗೆ ಹೋಗಿದ್ದರು. ಅಲ್ಲಿ ಎಂಜಿನ್ ಬಿಸಿಯಿರುವಾಗಲೇ ಕವರ್ ತೆಗೆದು, ಸಂದು ಅಳೆಯುವ ಗೇಜ್ ಮುಟ್ಟದೆ, ಶಬ್ದ ಅಡಗುವವರೆಗೆ ಟ್ಯಾಪೆಟ್ ಬಿಗಿದು ಕಳುಹಿಸಿದ್ದರು. ಸಿಲಿಂಡರ್‌ನ ಮುಚ್ಚಳವಾದ ಹೆಡ್ ಬಿಚ್ಚಿಸಿದಾಗ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಅಂಚು ಒಂದು ಕಡೆ ಸುಟ್ಟು, ಇಲಿ ಕಡಿದ ಕೊಬ್ಬರಿಯಂತೆ ಆಗಿತ್ತು.

ಗೇಜ್ ಇದ್ದಿದ್ದರೆ ಒಂದು ಗಂಟೆಯಲ್ಲಿ ಸರಿಯಾಗಿ ಮುಗಿಯುತ್ತಿದ್ದ ಕೆಲಸ ಅದು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ವಾಲ್ವ್ ಅನ್ನು ಒತ್ತಿ ತೆರೆಯುವ ತೋಳೇ ರಾಕರ್ ಆರ್ಮ್. ಅದರ ಸ್ಕ್ರೂ (ಇದನ್ನೇ ಟ್ಯಾಪೆಟ್ ಎನ್ನುವುದು) ತುದಿಗೂ ವಾಲ್ವ್ ಕಡ್ಡಿಯ ತುದಿಗೂ ನಡುವೆ ಒಂದು ಸಣ್ಣ ಸಂದು ಇರಬೇಕು. ಗಾಳಿಯಿಂದ ತಣಿಯುವ ನಮ್ಮ ಸಣ್ಣ ಸ್ಕೂಟರ್‌ಗಳಲ್ಲಿ ಅದು ಸಾಮಾನ್ಯವಾಗಿ 0.05ರಿಂದ 0.20 ಮಿ.ಮೀ. ಒಳಗೆ ಇರುತ್ತದೆ. ನಾವು ಬರೆಯಲು ಬಳಸುವ ಬಿಳಿ ಹಾಳೆಯ ದಪ್ಪ ಸುಮಾರು 0.10 ಮಿ.ಮೀ. ಎಂದರೆ ಎಷ್ಟು ಸೂಕ್ಷ್ಮ ಎಂಬುದು ತಿಳಿಯುತ್ತದೆ. ಸಂದು ಹೆಚ್ಚಾದರೆ ಲೋಹಕ್ಕೆ ಲೋಹ ಬಡಿದು ಶಬ್ದ ಬರುತ್ತದೆ, ವಾಲ್ವ್ ತೆರೆಯುವುದು ಕಡಿಮೆಯಾಗುತ್ತದೆ. ಸಂದು ಇಲ್ಲವಾದರೆ ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಬಿಟ್ಟುಕೊಡುವುದು ಹೆಡ್‌ನಲ್ಲಿ ತಾನು ಕೂರುವ ಲೋಹದ ಬಳೆಗೆ, ಅಂದರೆ ಸೀಟಿಗೆ ಅಂಟಿ ಕುಳಿತಿರುವ ಹೊತ್ತಿನಲ್ಲಿ. ಕೂರಲು ಬಿಡದಿದ್ದರೆ ಅದು ಸುಡುತ್ತದೆ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ, ಬಿಗಿ ಟ್ಯಾಪೆಟ್ ಸದ್ದಿಲ್ಲದೆ ಹಾಳು ಮಾಡುತ್ತದೆ. ಓಡಿದಂತೆ ವಾಲ್ವ್ ಸೀಟಿನೊಳಕ್ಕೆ ಸವೆದು ಇಳಿಯುವುದರಿಂದ, ಯಾರೂ ಮುಟ್ಟದಿದ್ದರೂ ಸಂದು ಕಿರಿದಾಗುವುದುಂಟು.

ಹಳೆಯ ಲ್ಯಾಂಬ್ರೆಟ್ಟಾ, ಕೈನೆಟಿಕ್ ಹೋಂಡಾ ಓಡಿಸಿದ ಹಿರಿಯರು ‘ನಮ್ಮ ಕಾಲದಲ್ಲಿ ಈ ಕೆಲಸವೇ ಇರಲಿಲ್ಲ’ ಎನ್ನುವುದು ನಿಜ. ಅವು ಎರಡು ಸ್ಟ್ರೋಕ್‌ನ ಎಂಜಿನ್‌ಗಳು, ಇಂತಹ ವಾಲ್ವ್‌ಗಳೇ ಅವುಗಳಲ್ಲಿ ಇರಲಿಲ್ಲ. ಆದರೆ ‘ಬಿಎಸ್6 ಗಾಡಿಗೆ ಟ್ಯಾಪೆಟ್ ಕೆಲಸ ಬೇಡ’ ಎನ್ನುವವರ ಮಾತು ಕೇಳಬೇಡಿ. 2020ರ ಏಪ್ರಿಲ್‌ನಿಂದ ಬದಲಾದದ್ದು ಹೊಗೆಯ ನಿಯಮ. ಫ್ಯೂಯಲ್ ಇಂಜೆಕ್ಷನ್ ಇದ್ದರೂ ವಾಲ್ವ್ ಸವೆಯುತ್ತದೆ.

ಕೊಂಡುಕೊಳ್ಳಬೇಕಾದದ್ದು

ಒಳ್ಳೆಯ ಫೀಲರ್ ಗೇಜ್ ಒಂದು, ಅಂದರೆ ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಕಟ್ಟು. ಬೇರೆಲ್ಲದರಲ್ಲಿ ಉಳಿತಾಯ ಮಾಡಿ, ಇದರಲ್ಲಿ ಬೇಡ. ಅಗ್ಗದ ಗೇಜ್‌ಗಳ ಎಲೆಗಳಲ್ಲಿ ಬರೆದ ಅಂಕಿಯೇ ಒಂದು, ದಪ್ಪವೇ ಇನ್ನೊಂದು. ಅಂಗಡಿಯಲ್ಲೇ ಪರೀಕ್ಷಿಸಬಹುದು: 0.05 ಮತ್ತು 0.10ರ ಎಲೆಗಳನ್ನು ಜೋಡಿಸಿ ಹಿಡಿದಾಗ ಹೋಗುವ ಸಂದಿನಲ್ಲಿ 0.15ರ ಎಲೆಯೂ ಅದೇ ಬಿಗಿಯಲ್ಲಿ ಹೋಗಬೇಕು. ಜತೆಗೆ ರಿಂಗ್ ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ಟ್ಯಾಪೆಟ್ ಸ್ಕ್ರೂವಿನ ಚೌಕ ತಲೆಗೆ ಕೂರುವ ಕೀ, ಟಾರ್ಚ್, ಮುಖ ನೋಡುವ ಸಣ್ಣ ಕನ್ನಡಿ, ಹೆಡ್ ಕವರ್‌ನ ಹೊಸ ರಬ್ಬರ್ ಗ್ಯಾಸ್ಕೆಟ್. ಚೌಕ ತಲೆಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸಿದರೆ ಎರಡನೇ ಸಲಕ್ಕೆ ಅದು ದುಂಡಗಾಗಿರುತ್ತದೆ. ಕೀ ಕೊಳ್ಳಿ.

ಸಂದಿನ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿ ಅಥವಾ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಗಾಳಿ, ಪೆಟ್ರೋಲ್ ಒಳಬಿಡುವ ಇನ್‌ಟೇಕ್ ವಾಲ್ವ್‌ಗೂ ಎಕ್ಸಾಸ್ಟ್‌ಗೂ ಬೇರೆ ಬೇರೆ ಇರಬಹುದು. ಗೆಳೆಯನ ಗಾಡಿಯ ಅಳತೆಯನ್ನು ನಿಮ್ಮದಕ್ಕೆ ಹಾಕಬೇಡಿ. ಸ್ಕ್ರೂ ಬದಲು ಶಿಮ್ (ಸಂದು ಹೊಂದಿಸುವ ಲೋಹದ ಬಿಲ್ಲೆ) ಇರುವ ಎಂಜಿನ್ ಆಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ.

ಹಿಂದಿನ ರಾತ್ರಿ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಮ್ಯಾನುಯಲ್‌ಗಳಲ್ಲಿ 35 ಡಿಗ್ರಿಗಿಂತ ಕಡಿಮೆ ಎಂದು ಬರೆದಿರುವುದನ್ನು ಕಂಡಿದ್ದೇನೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕರಾವಳಿಯಲ್ಲಿ ನೆರಳಿನ ಸೆಕೆಯೇ ಅದರ ಹತ್ತಿರ ಹೋಗುತ್ತದೆ. ರಾತ್ರಿ ನಿಲ್ಲಿಸಿ, ಬೆಳಗ್ಗೆ ಆರಕ್ಕೆ ಶುರು ಮಾಡಿ. ‘ಒಂದು ಗಂಟೆ ಬಿಟ್ಟೆ, ಸಾಕು’ ಎನ್ನುವುದು ಸಾಲದು.

ಮಲ್ಪೆ ಬಂದರಿನಿಂದ ಮೀನು ತರುವ ಗಾಡಿಯಾದರೆ ಮಂಜುಗಡ್ಡೆಯ ಉಪ್ಪುನೀರು ಸೋರಿ ಬೋಲ್ಟ್‌ಗಳೆಲ್ಲ ತುಕ್ಕು ಹಿಡಿದಿರುತ್ತವೆ. ರಾತ್ರಿಯೇ ಅವುಗಳ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಅಲ್ಯೂಮಿನಿಯಂ ಹೆಡ್‌ನಲ್ಲಿ ಬೋಲ್ಟ್ ತುಂಡಾದರೆ ಅಂದಿನ ಕೆಲಸ ಅಲ್ಲಿಗೇ ನಿಂತಿತು.

ಬಿಚ್ಚುವುದು

ಸೀಟಿನ ಕೆಳಗಿನ ಡಬ್ಬಿ ಅಥವಾ ಮುಂದಿನ ಮುಚ್ಚಳ, ಬಲಬದಿಯ ಫ್ಯಾನ್ ಕವರ್ ತೆಗೆಯಿರಿ. ಪ್ಲಗ್ ಬಿಚ್ಚುವ ಮೊದಲು ಸುತ್ತಲಿನ ಮುರಕಲ್ಲಿನ ಕೆಂಪು ಧೂಳನ್ನು ಬ್ರಷ್ ಹಾಕಿ, ಊದಿ ತೆಗೆಯಿರಿ. ಇಲ್ಲದಿದ್ದರೆ ಅದು ನೇರ ಸಿಲಿಂಡರ್‌ಗೆ ಬೀಳುತ್ತದೆ. ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲಿ ಹಗುರಾಗಿ ತಿರುಗುತ್ತದೆ. ಕೆಳಗೆ ಬಟ್ಟೆ ಹಾಸಿ ಹೆಡ್ ಕವರ್ ಬಿಚ್ಚಿ, ಸ್ವಲ್ಪ ಆಯಿಲ್ ತೊಟ್ಟಿಕ್ಕುತ್ತದೆ.

ಪಿಸ್ಟನ್ ಮೇಲೆ, ಆದರೆ ಯಾವ ‘ಮೇಲೆ’?

ಹೆಚ್ಚಿನವರು ಎಡವುವುದು ಇಲ್ಲಿ, ದಯವಿಟ್ಟು ನಿಧಾನವಾಗಿ ಓದಿ. ಫ್ಯಾನ್ ಹಿಂದಿನ ಮ್ಯಾಗ್ನೆಟ್ ಚಕ್ರದ ಮೇಲೆ ‘ಟಿ’ (T) ಎಂಬ ಗುರುತಿದೆ. ಅದು ಕೇಸಿನ ಗುರುತಿಗೆ ನೇರ ಬಂದಾಗ ಪಿಸ್ಟನ್ ತುತ್ತತುದಿಯಲ್ಲಿ ಇರುತ್ತದೆ. ಪಕ್ಕದಲ್ಲೇ ‘ಎಫ್’ (F) ಗುರುತೂ ಇರಬಹುದು. ಅದು ಕಿಡಿ ಹಾರುವ ಸಮಯದ ಗುರುತು, ಅದರಲ್ಲಿ ನಿಲ್ಲಿಸಬೇಡಿ.

ನಾಲ್ಕು ಸ್ಟ್ರೋಕ್ (ಪಿಸ್ಟನ್‌ನ ನಾಲ್ಕು ಓಟ) ಮುಗಿಯಲು ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು. ಹಾಗಾಗಿ ‘ಟಿ’ ಎರಡು ಸಲ ಬರುತ್ತದೆ. ಒಂದು ಸಲ ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಗಾಳಿಯನ್ನು ಒತ್ತಿ ಹಿಡಿದಿರುತ್ತದೆ. ಇನ್ನೊಂದು ಸಲ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಟೇಕ್ ತೆರೆಯುತ್ತಾ ಎರಡೂ ಸ್ವಲ್ಪ ಒತ್ತಿಕೊಂಡಿರುತ್ತವೆ. ಈ ಎರಡನೆಯದರಲ್ಲಿ ನಿಂತು ಟ್ಯಾಪೆಟ್ ಸಡಿಲಿಸಿದರೆ ಇಲ್ಲದ ಬಿಗಿಯನ್ನು ಸಡಿಲಿಸಿದಂತೆ. ಗಾಡಿ ಶುರುವಾದರೆ ಡೋಲು ಬಡಿದಂತೆ ಸದ್ದು ಬರುತ್ತದೆ.

ಗುರುತಿಸುವುದು ಹೀಗೆ: ಫ್ಯಾನ್ ಅನ್ನು ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಇನ್‌ಟೇಕ್ ವಾಲ್ವ್ ಮೇಲೆ ಕಣ್ಣಿಡಿ. ಸ್ಕೂಟರ್‌ನ ಸಿಲಿಂಡರ್ ಮಲಗಿರುವುದರಿಂದ ಸಾಮಾನ್ಯವಾಗಿ ಮೇಲಿನದು ಇನ್‌ಟೇಕ್, ಸೈಲೆನ್ಸರ್ ಪೈಪ್ ಹೊರಡುವ ಕೆಳಗಿನದು ಎಕ್ಸಾಸ್ಟ್. ಇನ್‌ಟೇಕ್ ಒಳಕ್ಕೆ ಹೋಗಿ, ಹೊರಕ್ಕೆ ಬಂದು ನಿಂತ ಮೇಲೆ ಬರುವ ಮೊದಲ ‘ಟಿ’ಯೇ ನಮಗೆ ಬೇಕಾದದ್ದು. ಈಗ ಎರಡೂ ರಾಕರ್‌ಗಳನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಎರಡೂ ಸಣ್ಣಗೆ ಕಟಕಟ ಎನ್ನಬೇಕು. ಒಂದು ಬಿಗಿಯಾಗಿದ್ದರೆ ತಪ್ಪು ‘ಟಿ’ಯಲ್ಲಿದ್ದೀರಿ, ಅಥವಾ ಆ ವಾಲ್ವ್‌ಗೆ ಸಂದೇ ಉಳಿದಿಲ್ಲ. ಇನ್ನೊಂದು ಸುತ್ತು ತಿರುಗಿಸಿ ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ.

ಗುರುತು ದಾಟಿ ಹೋಯಿತೆಂದು ಹಿಂದಕ್ಕೆ ತಿರುಗಿಸಬೇಡಿ. ಕೆಲವು ಎಂಜಿನ್‌ಗಳ ಕ್ಯಾಮ್‌ನಲ್ಲಿ (ರಾಕರ್‌ಗಳನ್ನು ಆಡಿಸುವ ದಂಡ), ಸ್ಟಾರ್ಟ್ ಸುಲಭವಾಗಲೆಂದು ಎಕ್ಸಾಸ್ಟ್ ವಾಲ್ವ್ ಅನ್ನು ಚೂರು ಎತ್ತುವ ಡಿಕಂಪ್ರೆಶನ್ ವ್ಯವಸ್ಥೆ ಇದೆ. ಹಿಂದಕ್ಕೆ ತಿರುಗಿಸಿದರೆ ಅದು ಅಳತೆ ಕೆಡಿಸಬಹುದು. ಮುಂದಕ್ಕೇ ಇನ್ನೆರಡು ಸುತ್ತು ತಿರುಗಿಸಿ ಮತ್ತೆ ಬನ್ನಿ. ಕಿಕ್ ಒತ್ತಿ ಗುರುತು ಹಿಡಿಯುವ ಅಡ್ಡದಾರಿಯೂ ಬೇಡ, ಅದು ಬೇಕಾದಲ್ಲಿ ನಿಲ್ಲುವುದಿಲ್ಲ.

ಅಳೆಯುವುದು, ಬಿಗಿಯುವುದು

ಮೊದಲು ಏನನ್ನೂ ಸಡಿಲಿಸದೆ ಈಗಿರುವ ಸಂದನ್ನು ಅಳೆದು ಬರೆದಿಡಿ. ಎಲೆಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ, ಸಂದಿಗೆ ನೇರವಾಗಿ ತೂರಿಸಿ. ಎಲೆ ಓರೆಯಾದರೆ ಅಂಚು ತಾಗಿ ಬಿಗಿಯೆಂಬ ಭ್ರಮೆ ಹುಟ್ಟುತ್ತದೆ. ದಪ್ಪ ಪುಸ್ತಕದ ಅಡಿಯಿಂದ ಒಂದೇ ಹಾಳೆಯನ್ನು ಎಳೆದಾಗ ಸಿಗುವಷ್ಟು ತಡೆ ಸರಿ. ಆ ‘ತಡೆ’ ಒಬ್ಬೊಬ್ಬರ ಕೈಗೆ ಒಂದೊಂದು ಥರ, ಆದ್ದರಿಂದ ಎರಡು ಎಲೆಗಳಿಂದ ಖಚಿತಪಡಿಸಿಕೊಳ್ಳಿ. ಉದಾಹರಣೆಗೆ ನಿಮ್ಮ ಅಳತೆ 0.10 ಆಗಿದ್ದರೆ 0.08 ಸಲೀಸಾಗಿ ಹೋಗಬೇಕು, 0.12 ಹೋಗಲೇಬಾರದು. ಕೆಳಗಿನ ಎಕ್ಸಾಸ್ಟ್ ಕಡೆ ಕಣ್ಣಿಗೆ ಕಾಣದು, ಅಲ್ಲಿ ಕನ್ನಡಿ ಹಿಡಿಯಿರಿ.

ಸರಿಯಿದ್ದರೆ ಮುಟ್ಟಬೇಡಿ. ಇಲ್ಲದಿದ್ದರೆ ಸ್ಕ್ರೂವನ್ನು ಬಿಗಿಯಾಗಿ ಹಿಡಿದಿಡುವ ಲಾಕ್‌ನಟ್ ಅನ್ನು ಅರ್ಧ ಸುತ್ತು ಸಡಿಲಿಸಿ, ಎಲೆಯನ್ನು ಸಂದಿನಲ್ಲೇ ಇಟ್ಟು ಸ್ಕ್ರೂ ತಿರುಗಿಸಿ. ಸ್ಕ್ರೂವಿನ ಥ್ರೆಡ್ ಅರ್ಧ ಮಿ.ಮೀ. ಪಿಚ್‌ನದ್ದಾದರೆ, 0.02 ಮಿ.ಮೀ. ವ್ಯತ್ಯಾಸಕ್ಕೆ ತಿರುಗಿಸಬೇಕಾದದ್ದು ಗಡಿಯಾರದ ದೊಡ್ಡ ಮುಳ್ಳು ಎರಡೂವರೆ ನಿಮಿಷದಲ್ಲಿ ಸರಿಯುವಷ್ಟು ಮಾತ್ರ.

ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಅದರ ಜತೆಗೇ ತಿರುಗಲು ನೋಡುತ್ತದೆ. ಒಂದು ಕೈಯಲ್ಲಿ ಕೀಯಿಂದ ಸ್ಕ್ರೂವನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಲ್ಲಿ ನಟ್ ಬಿಗಿಯಿರಿ. ಎಷ್ಟೇ ಭದ್ರವಾಗಿ ಹಿಡಿದರೂ ಸಂದು ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ಬಿಗಿದ ಮೇಲೆ ಮತ್ತೆ ಅಳೆಯಲೇಬೇಕು. ನನಗೆ ಇವತ್ತಿಗೂ ಒಂದೊಂದು ವಾಲ್ವ್‌ಗೆ ಮೂರು ನಾಲ್ಕು ಸಲ ಸಡಿಲಿಸಿ ಬಿಗಿಯಬೇಕಾಗುತ್ತದೆ. ಬಿಗಿತಕ್ಕೆ ಗಿಡ್ಡ ಸ್ಪ್ಯಾನರ್, ಮಣಿಕಟ್ಟಿನ ಬಲ ಸಾಕು. ಎರಡೂ ಮುಗಿದ ಮೇಲೆ ಎಂಜಿನ್ ಅನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಅದೇ ‘ಟಿ’ಗೆ ತಂದು ಕೊನೆಯ ಸಲ ಅಳೆಯಿರಿ.

ಎರಡು ಅಳತೆಗಳ ನಡುವೆ ಎಲ್ಲಿ ನಿಲ್ಲಲಿ ಎಂಬ ಗೊಂದಲವಾದರೆ, ಪುಸ್ತಕ ಕೊಟ್ಟ ಮಿತಿಯೊಳಗೇ ಸಡಿಲದ ಕಡೆ ನಿಲ್ಲಿ. ಎಕ್ಸಾಸ್ಟ್‌ಗಂತೂ ಖಂಡಿತ.

ಮುಚ್ಚುವುದು

ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಹಳೆಯ ಗ್ಯಾಸ್ಕೆಟ್‌ಗೆ ಸಿಲಿಕಾನ್ ಪೇಸ್ಟ್ ಮೆತ್ತುವ ಅಭ್ಯಾಸ ನನಗೆ ಸ್ವಲ್ಪವೂ ಹಿಡಿಸದು. ಒಳಕ್ಕೆ ಹಿಂಡಿದ ಪೇಸ್ಟ್ ಎಳೆಯಾಗಿ ಕಿತ್ತುಬಂದು ಆಯಿಲ್ ದಾರಿಗೆ ಅಡ್ಡ ಕೂರುತ್ತದೆ. ಪ್ಲಗ್ ಅನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್. ಫ್ಯಾನ್ ಕವರ್ ಮರೆಯಬೇಡಿ, ಅದಿಲ್ಲದೆ ಸಿಲಿಂಡರ್‌ಗೆ ಗಾಳಿ ತಲುಪುವುದಿಲ್ಲ.

ಸ್ಟಾರ್ಟ್ ಮಾಡಿದಾಗ ಹೊಲಿಗೆ ಯಂತ್ರದಂತಹ ಮೆಲುದನಿ ಕೇಳಿದರೆ ಗಾಬರಿಯಾಗಬೇಡಿ, ಅದು ಸಂದು ಇದೆ ಎಂಬುದರ ಗುರುತು. ಕವರ್ ಸುತ್ತ ಆಯಿಲ್ ಒಸರುತ್ತಿದೆಯೇ ಎಂದು ಒಂದು ದಿನ ಬಿಟ್ಟು ನೋಡಿ.

ಪುಸ್ತಕ ಹೇಳುವ ಅವಧಿ ಏನೇ ಇರಲಿ, ನಾನು ಪ್ರತಿ 6,000 ಕಿ.ಮೀ.ಗೆ ಒಮ್ಮೆ ನೋಡುತ್ತೇನೆ, ಒಂದು ಸುತ್ತು ಜೂನ್‌ನ ಮಳೆಗೆ ಮೊದಲೇ ಮುಗಿಸುತ್ತೇನೆ. ಕಿಲೋಮೀಟರ್, ಹೊಂದಿಸುವ ಮೊದಲಿನ ಸಂದು, ಆಮೇಲಿನ ಸಂದು ಮೂರನ್ನೂ ಸೀಟಿನಡಿಯ ಸಣ್ಣ ಪುಸ್ತಕದಲ್ಲಿ ಬರೆದಿಡುತ್ತೇನೆ. ಎಕ್ಸಾಸ್ಟ್‌ನ ಸಂದು ಪ್ರತಿ ಸಲವೂ ಬೇಗ ಬೇಗ ಕಿರಿದಾಗುತ್ತಿದ್ದರೆ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ. ಆ ಪುಸ್ತಕವನ್ನೇ ಹಿಡಿದು, ವಾಲ್ವ್ ಮತ್ತು ಸೀಟ್ ಕೆಲಸ ಬಲ್ಲ ಮೆಕ್ಯಾನಿಕ್ ಬಳಿ ಹೋಗಿ.