ಮಕ್ಕಳ ಆರೋಗ್ಯ ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ: ಒಪಿಡಿಯಲ್ಲಿ ದತ್ತಾಂಶ ಸಂಗ್ರಹಿಸುವ ಬಗೆ

ಟೈಪ್ 1 ಮಧುಮೇಹ, ತಲಸ್ಸೇಮಿಯಾ, ಆಸ್ತಮಾ, ಮೂರ್ಛೆರೋಗ ಇರುವ ಮಕ್ಕಳು ವರ್ಷಗಟ್ಟಲೆ ಆಸ್ಪತ್ರೆಗೆ ಅಲೆಯುತ್ತಾರೆ. ಅವರ ಮನಸ್ಸಿನ ಸ್ಥಿತಿ, ಶಾಲೆ, ಮನೆಯ ವಾತಾವರಣ ಕುರಿತು ಕರ್ನಾಟಕದಲ್ಲಿ ಸಂಶೋಧನೆ ಮಾಡಹೊರಟವರಿಗಾಗಿ ಈ ಬರಹ. ವಿಷಯ ಆಯ್ಕೆ, ಸಾಹಿತ್ಯ ಸಮೀಕ್ಷೆ ಇತ್ಯಾದಿಗಳಿಗೆ ಗೈಡ್ ಇದ್ದಾರೆ, ಕೋರ್ಸ್‌ವರ್ಕ್ ಇದೆ. ಯಾರೂ ಹೇಳಿಕೊಡದ ಭಾಗ ಒಪಿಡಿ ಕಾರಿಡಾರಿನಲ್ಲಿ ನಡೆಯುವಂಥದ್ದು. ಅಲ್ಲಿ ಆಗುವ ಬಹುಪಾಲು ತಪ್ಪುಗಳ ಬೇರು ಒಂದೇ: ಮಗುವಿನ ಮಾತು ಎಂದು ನಾವು ಬರೆದುಕೊಳ್ಳುವುದು ಎಷ್ಟೋ ಸಲ ಅಮ್ಮನ ಮಾತು, ಇಲ್ಲವೇ ಅನುವಾದಕರ ಮಾತು.

ಮೊದಲು ತಲೆ ಎಣಿಸಿ

ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಕೇಳಲು ಧಾರಾಳ ಅನಿಸುತ್ತದೆ. ಆದರೆ ಕೋರ್ಸ್‌ವರ್ಕ್, ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ), ಎಥಿಕ್ಸ್ ಅನುಮತಿ ಎಲ್ಲ ಮುಗಿಯುವಾಗ ಎರಡು ವರ್ಷ ಸರಿದುಹೋಗಿರುತ್ತದೆ. ಹಾಗಾಗಿ ಸಿನಾಪ್ಸಿಸ್ ಬರೆಯುವ ಮೊದಲೇ ಆಸ್ಪತ್ರೆಯ ರಿಜಿಸ್ಟರ್ ನೋಡಲು ಅನುಮತಿ ಕೇಳಿ.

ನೋಡಬೇಕಾದ್ದು ಭೇಟಿಗಳ ಸಂಖ್ಯೆಯಲ್ಲ, ಮಕ್ಕಳ ಸಂಖ್ಯೆ. ತಲಸ್ಸೇಮಿಯಾ ಡೇ-ಕೇರ್ ಒಂದಕ್ಕೆ ದಿನಕ್ಕೆ ಆರು ಮಕ್ಕಳು ರಕ್ತ ಹಾಕಿಸಿಕೊಳ್ಳಲು ಬರುತ್ತಾರೆ ಎನ್ನಿ. ವರ್ಷಕ್ಕೆ 300 ದಿನ ಹಿಡಿದರೆ 1800 ಭೇಟಿ. ಸಂಶೋಧಕರು ಈ ಅಂಕಿ ನೋಡಿ ನಿಶ್ಚಿಂತರಾಗುತ್ತಾರೆ. ಆದರೆ ಒಂದೊಂದು ಮಗು ಮೂರು ವಾರಕ್ಕೊಮ್ಮೆ ಬರುವುದಾದರೆ, ಮೂರು ವಾರದ 18 ಕೆಲಸದ ದಿನಗಳಲ್ಲಿ ಬರುವವರು 108 ಮಕ್ಕಳು. ನಾಲ್ಕನೆಯ ವಾರದಿಂದ ಅದೇ ಮುಖಗಳು. ಅವರಲ್ಲಿ 8ರಿಂದ 18 ವಯಸ್ಸಿನವರು ಅರ್ಧದಷ್ಟಿದ್ದರೆ 54. ಎರಡು ಅಳತೆಗಳ ನಡುವೆ 0.3ರಷ್ಟು ಸಹಸಂಬಂಧವನ್ನು ಶೇ 80 ಪವರ್‌ನಲ್ಲಿ (ಸಂಬಂಧ ನಿಜವಾಗಿ ಇದ್ದರೆ ಅದು ಕೈಗೆ ಸಿಗುವ ಸಾಧ್ಯತೆ ಶೇ 80) ಹಿಡಿಯಲು ಬೇಕಾದವರು ಸುಮಾರು 85. ಅಂದರೆ ಎರಡನೇ ಆಸ್ಪತ್ರೆ ಬೇಕೇ ಬೇಕು, ಅಲ್ಲಿಗೆ ಇನ್ನೊಂದು ಎಥಿಕ್ಸ್ ಅನುಮತಿಯೂ ಬೇಕು. ಇದು ಮೊದಲ ವರ್ಷವೇ ಗೊತ್ತಾದರೆ ಸರಿ. ನಾಲ್ಕನೇ ವರ್ಷ ಗೊತ್ತಾದರೆ ವಿಷಯವನ್ನೇ ಬದಲಿಸಬೇಕಾಗುತ್ತದೆ. ಎರಡು ಗುಂಪುಗಳನ್ನು ಹೋಲಿಸುವುದಾದರೆ, ಮಧ್ಯಮ ಪ್ರಮಾಣದ ವ್ಯತ್ಯಾಸ ಹಿಡಿಯಲು ಗುಂಪಿಗೆ 64 ಮಕ್ಕಳು. ಒಪ್ಪದವರು, ಅರ್ಧಕ್ಕೆ ಎದ್ದು ಹೋಗುವವರಿಗೆಂದು ಮೇಲೆ ಶೇ 15–20 ಸೇರಿಸಿಕೊಳ್ಳಿ.

ಎಥಿಕ್ಸ್ ಸಮಿತಿ

ವಿಶ್ವವಿದ್ಯಾಲಯದ ಸಮಿತಿ ಒಪ್ಪಿದರೆ ಆಸ್ಪತ್ರೆಯೊಳಗೆ ಕಾಲಿಡಬಹುದು ಎಂದು ಭಾವಿಸಬೇಡಿ. ಆಸ್ಪತ್ರೆಯ ಸಮಿತಿಯ ಅನುಮತಿಯೂ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ 7 ವರ್ಷದೊಳಗಿನ ಮಗುವಿಗೆ ಹೆತ್ತವರ ಒಪ್ಪಿಗೆ ಸಾಕು. 7ರಿಂದ 12ರವರೆಗೆ ಅದರ ಜೊತೆ ಮಗುವಿನ ಬಾಯಿಮಾತಿನ ಸಮ್ಮತಿ. 12ರಿಂದ 18ರವರೆಗೆ ಬರೆದ ಸಮ್ಮತಿ. ಪ್ರಶ್ನಾವಳಿಯಂಥ ಅಲ್ಪ ಅಪಾಯದ ಅಧ್ಯಯನಕ್ಕೆ ಸಾಮಾನ್ಯವಾಗಿ ಒಬ್ಬ ಪೋಷಕರ ಸಹಿ ನಡೆಯುತ್ತದೆ. ಅಪಾಯ ಹೆಚ್ಚಿದ್ದರೆ, ಅಥವಾ ಮಗುವಿಗೆ ಯಾವ ನೇರ ಲಾಭವೂ ಇಲ್ಲದಿದ್ದರೆ, ಸಮಿತಿ ಇಬ್ಬರ ಸಹಿಯನ್ನೂ ಕೇಳಬಹುದು. ಆಸ್ಪತ್ರೆಗೆ ಮಗುವನ್ನು ಕರೆತರುವುದು ಅಜ್ಜಿಯೋ ಸೋದರಮಾವನೋ ಆಗಿದ್ದರೆ ಅವರ ಸಹಿ ನಡೆಯುವುದಿಲ್ಲ. ಅಂಥ ದಿನ ಪರಿಚಯ ಮಾಡಿಕೊಂಡು ಮುಂದಿನ ಭೇಟಿಯ ತಾರೀಖು ಬರೆದುಕೊಳ್ಳಿ.

ಅರ್ಜಿ ವಾಪಸ್ ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಮಗುವಿನ ಸಮ್ಮತಿ ಪತ್ರ ವಕೀಲರ ನೋಟಿಸಿನಂತೆ ಇರುತ್ತದೆ. ಇನ್ನೊಂದು, ಪ್ರಶ್ನೆ ಕೇಳುವಾಗ ಮಗು ಅತ್ತರೆ, ಸಾಯುವ ಮಾತಾಡಿದರೆ ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಇರುವುದಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಉತ್ತರವಲ್ಲ. ಆ ದಿನ ಕರ್ತವ್ಯದಲ್ಲಿರುವ ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು, ಅವರು ಯಾವ ಕೊಠಡಿಯಲ್ಲಿ ಸಿಗುತ್ತಾರೆ, ಮಗುವನ್ನು ಅಲ್ಲಿಗೆ ಯಾರು ಕರೆದೊಯ್ಯುತ್ತಾರೆ ಎಂದು ಬರೆಯಿರಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಕೂಡ ಆ ಹಾಳೆಯಲ್ಲಿರಲಿ.

ಸಮಾಲೋಚನೆ, ತರಬೇತಿಯಂಥ ಹಸ್ತಕ್ಷೇಪ ಕೊಟ್ಟು ಪರಿಣಾಮ ನೋಡುವ ಅಧ್ಯಯನವಾದರೆ ಮೊದಲ ಮಗು ಸೇರುವ ಮುನ್ನ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಾಯಿಸಬೇಕು. ಅಧ್ಯಯನ ಶುರುವಾದ ಮೇಲೆ ನೋಂದಾಯಿಸುವ ದಾರಿಯನ್ನು 2018ರ ಏಪ್ರಿಲ್‌ನಿಂದ ಮುಚ್ಚಲಾಗಿದೆ. ಇನ್ನೊಂದು ಗೊಂದಲ: ಪಿಎಚ್‌ಡಿ ಇದ್ದ ಮಾತ್ರಕ್ಕೆ ಚಿಕಿತ್ಸೆ ಕೊಡುವ ಪರವಾನಗಿ ಬಂದಂತಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು. ಅದಿಲ್ಲದಿದ್ದರೆ ಚಿಕಿತ್ಸೆಯ ಭಾಗವನ್ನು ನೋಂದಾಯಿತರೇ ನಡೆಸಲಿ, ಐಕ್ಯೂ ಪರೀಕ್ಷೆಯನ್ನೂ ತರಬೇತಾದವರೇ ಮಾಡಲಿ.

ಕನ್ನಡದಲ್ಲಿ ಕೇಳುವುದು

ಇದರಲ್ಲಿ ಅವಸರ ಮಾಡಿದರೆ ಮುಂದಿನ ಎಲ್ಲ ಲೆಕ್ಕವೂ ಪೊಳ್ಳು. ಮಕ್ಕಳ ಪರೀಕ್ಷೆಗಳನ್ನು ಕನ್ನಡಕ್ಕೆ ಹೊಂದಿಸುವ ಕೆಲಸ ಹೊಸದೇನಲ್ಲ, ವಿ. ವಿ. ಕಾಮತರು ಬುದ್ಧಿಮತ್ತೆ ಅಳೆಯುವ ಬಿನೆ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ ಪ್ರಕಟಿಸಿದ್ದು 1934ರಲ್ಲಿ. ಆದರೂ ಇಂದಿಗೂ ಎಷ್ಟೋ ಪ್ರಬಂಧಗಳಲ್ಲಿ ಸಂಶೋಧಕರ ಗೆಳತಿ ಒಂದು ಭಾನುವಾರ ಕೂತು ಮಾಡಿದ ಅನುವಾದವೇ ಪ್ರಮಾಣ.

ಕ್ರಮ ಹೀಗೆ. ಮಾಪನದ ಹಕ್ಕುದಾರರಿಂದ ಮೊದಲು ಅನುಮತಿ. ಮಕ್ಕಳ ಜೀವನ ಗುಣಮಟ್ಟ ಅಳೆಯುವ ಪ್ರಶ್ನಾವಳಿ ಪೆಡ್ಸ್‌ಕ್ಯೂಎಲ್ ಆದರೆ ಮಾಪಿ ರಿಸರ್ಚ್ ಟ್ರಸ್ಟ್‌ನಿಂದ. ಕನ್ನಡ ರೂಪ ಇದೆಯೇ ಎಂದು ಅಲ್ಲೇ ವಿಚಾರಿಸಿ, ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲವನ್ನು ನೋಡಿರದ ಮೂರನೆಯವರು ವಾಪಸ್ ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ ಐದರಿಂದ ಎಂಟು ಮಕ್ಕಳ ಮುಂದೆ ಒಂದೊಂದೇ ಸಾಲು ಓದಿ, ‘ಇದು ಏನು ಕೇಳ್ತಿದೆ ಅಂತ ನಿನ್ನ ಮಾತಲ್ಲಿ ಹೇಳು’ ಎನ್ನಬೇಕು. ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯ ಹಂತವನ್ನೇ. ನಿಜವಾದ ತಪ್ಪುಗಳು ಸಿಕ್ಕಿಬೀಳುವುದೂ ಇಲ್ಲಿಯೇ.

‘ಬೇಜಾರು’ ತೆಗೆದುಕೊಳ್ಳಿ. ದುಃಖಕ್ಕೆ ಬೇಜಾರು, ಹೊತ್ತು ಹೋಗದಿದ್ದರೂ ಬೇಜಾರು, ತಮ್ಮ ಪೆನ್ಸಿಲ್ ಮುರಿದದ್ದಕ್ಕೂ ಬೇಜಾರು. ‘ನಿನಗೆ ಬೇಜಾರಾಗುತ್ತಾ?’ ಎಂದರೆ ಆರು ಗಂಟೆ ಡ್ರಿಪ್ ಹಾಕಿಕೊಂಡು ಮಲಗಿದ ಯಾವ ಮಗು ಇಲ್ಲ ಅಂದೀತು? ಖಿನ್ನತೆಯ ಅಂಕ ಏರಿ ಕೂರುತ್ತದೆ. ‘ಅಳು ಬಂದ ಹಾಗೆ ಆಗುತ್ತಾ?’, ‘ಮನಸ್ಸಿಗೆ ದುಃಖ ಆಗುತ್ತಾ?’ ಎಂದು ಬಿಡಿಸಬೇಕು. ಧಾರವಾಡ, ಕಲಬುರಗಿ ಕಡೆಯ ಮಕ್ಕಳಿಗೆ ‘ತೊಂದರೆ’ಗಿಂತ ‘ತ್ರಾಸ’ ಹತ್ತಿರ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಎಲ್ಲ ಜಿಲ್ಲೆಯವರೂ ಬರುವುದರಿಂದ, ಪರೀಕ್ಷಿಸಿ ನೋಡುವ ಆ ಮಕ್ಕಳಲ್ಲಿ ಇಬ್ಬರಾದರೂ ಉತ್ತರ ಕರ್ನಾಟಕದವರಿರಲಿ.

ಇದಕ್ಕಿಂತ ಕಳ್ಳ ಪದ ‘ಆಗಾಗ’. ಎಷ್ಟು ಸಲ ಎಂಬ ಮಾಪಕದಲ್ಲಿ ‘ಕೆಲವೊಮ್ಮೆ’ಯ ಮೇಲಿನ ಮೆಟ್ಟಿಲಿಗೆ ಅನುವಾದಕರು ‘ಆಗಾಗ’ ಹಾಕುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಆಗಾಗ ಎಂದರೆ ಪದೇ ಪದೇ, ಕೆಲವು ಮನೆಗಳಲ್ಲಿ ಎಂದಾದರೊಮ್ಮೆ. ಪರಿಹಾರ ಸುಲಭ: ಐದೂ ಪದಗಳನ್ನು ಐದು ಚೀಟಿಯಲ್ಲಿ ಬರೆದು ಮಗುವಿಗೆ ಕೊಟ್ಟು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಲು ಹೇಳಿ. ಎಂಟರಲ್ಲಿ ಇಬ್ಬರು ತಪ್ಪಾಗಿ ಜೋಡಿಸಿದರೂ ಪದ ಬದಲಿಸಿ. ‘ತುಂಬಾ ಸಲ’ ಹೆಚ್ಚು ಭದ್ರ.

ನಕಾರದ ಪ್ರಶ್ನೆಗಳನ್ನೂ ತೆಗೆಯಿರಿ. ‘ನಿನಗೆ ನಿದ್ದೆ ಬರಲ್ವಾ?’ ಎಂದರೆ ಮಗು ‘ಹೂಂ’ ಎನ್ನುತ್ತದೆ. ಬರುತ್ತದೋ, ಬರುವುದಿಲ್ಲವೋ? ‘ರಾತ್ರಿ ನಿದ್ದೆ ಬರೋದು ಕಷ್ಟ ಆಗುತ್ತಾ?’ ಎಂದು ಕೇಳಿದರೆ ಹೂಂಗೆ ಒಂದೇ ಅರ್ಥ.

ಮಗುವಿನ ಸಮ್ಮತಿ

ಒಪ್ಪಿಗೆಯನ್ನು ಚಿಕಿತ್ಸೆ ಕೊಡುವ ವೈದ್ಯರಿಂದ ಕೇಳಿಸಬೇಡಿ. ಅವರಿಗೆ ಬೇಡ ಎನ್ನುವ ಧೈರ್ಯ ಯಾವ ಕುಟುಂಬಕ್ಕೂ ಇರುವುದಿಲ್ಲ. ನೀವೂ ಬಿಳಿ ಕೋಟು ತೊಡಬೇಡಿ. ಎಂಟು ವರ್ಷದ ಮಗುವಿಗೆ ಹೇಳಬೇಕಾದ್ದು ಇಷ್ಟು:

‘ನಾನು ಇಲ್ಲಿನ ಡಾಕ್ಟರ್ ಅಲ್ಲ, ಕಾಲೇಜಲ್ಲಿ ಓದ್ತಿದೀನಿ. ಸಕ್ಕರೆ ಕಾಯಿಲೆ ಇರೋ ಮಕ್ಕಳಿಗೆ ಮನೇಲಿ, ಸ್ಕೂಲಲ್ಲಿ ಹೇಗನ್ಸುತ್ತೆ ಅಂತ ತಿಳ್ಕೋಬೇಕು. ಅರ್ಧ ಗಂಟೆ ಪ್ರಶ್ನೆ ಕೇಳ್ತೀನಿ. ಪರೀಕ್ಷೆ ಅಲ್ಲ, ಸರಿ ತಪ್ಪು ಇಲ್ಲ, ಸೂಜಿ ಚುಚ್ಚಲ್ಲ. ಬೇಡ ಅನ್ಸಿದ್ರೆ ಬೇಡ ಅಂತ ಹೇಳು, ಮಧ್ಯದಲ್ಲೂ ಹೇಳ್ಬಹುದು. ಯಾರೂ ಬೈಯಲ್ಲ, ಔಷಧಿ ನಿಲ್ಸಲ್ಲ. ನೀನು ಹೇಳಿದ್ದನ್ನ ಅಮ್ಮನಿಗೆ ಹೇಳಲ್ಲ. ಆದ್ರೆ ಯಾರಾದ್ರೂ ನಿನಗೆ ಕೆಟ್ಟದಾಗಿ ನಡ್ಕೊಂಡಿದ್ರೆ, ಇಲ್ಲಾ ನಿನ್ನ ಜೀವಕ್ಕೆ ಅಪಾಯ ಇದ್ರೆ, ಸಹಾಯ ಮಾಡೋ ದೊಡ್ಡೋರಿಗೆ ಹೇಳ್ಲೇಬೇಕು.’

ಕೊನೆಯ ಸಾಲು ಬಿಡುವಂತಿಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಶೋಧಕರಿಗೆ ವಿನಾಯಿತಿ ಇಲ್ಲ. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಟ್ಟು ಆಮೇಲೆ ಮುರಿಯುವುದು ಆ ಮಗುವಿಗೆ ಎರಡನೇ ಪೆಟ್ಟು. ಹೇಳಿ ಮುಗಿಸಿದ ಮೇಲೆ ‘ನಿನಗೆ ಬೇಡ ಅನ್ಸಿದ್ರೆ ಏನ್ಮಾಡ್ತೀಯ?’ ಎಂದು ಮಗುವನ್ನೇ ಕೇಳಿ. ತಲೆ ತಗ್ಗಿಸಿ ಅಮ್ಮನ ಸೆರಗು ಹಿಡಿದರೆ ಅದು ಬೇಡ ಎಂದೇ ಅರ್ಥ. ಅಮ್ಮ ಎಷ್ಟೇ ಒತ್ತಾಯ ಮಾಡಲಿ, ಅಲ್ಲಿಗೆ ಬಿಡಿ.

ಕೂತು ಕೇಳುವ ದಿನ

ಸಮಯದ ಆಯ್ಕೆಯೇ ಅರ್ಧ ಕೆಲಸ. ರಕ್ತ ತೆಗೆದ ಕೂಡಲೇ ಬೇಡ. ತಲಸ್ಸೇಮಿಯಾ ಮಕ್ಕಳು ರಕ್ತ ಹಾಕಿಸಿಕೊಳ್ಳುವ ಮುನ್ನ ಸುಸ್ತಾಗಿರುತ್ತಾರೆ, ಆಮೇಲೆ ಗೆಲುವಾಗಿರುತ್ತಾರೆ. ಮುನ್ನ ಅಥವಾ ಆಮೇಲೆ, ಯಾವುದಾದರೂ ಒಂದನ್ನು ಎಲ್ಲ ಮಕ್ಕಳಿಗೂ ಪಾಲಿಸಿ. ಟೈಪ್ 1 ಮಧುಮೇಹದ ಮಗುವಿಗೆ ನೆನಪು, ಗಮನದ ಪರೀಕ್ಷೆ ಮಾಡುವ ಮುನ್ನ ಗ್ಲೂಕೋಸ್ ನೋಡಿಸಿ. 70 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕೆಳಗಿದ್ದರೆ ಪರೀಕ್ಷೆ ನಿಲ್ಲಿಸಿ ನರ್ಸ್‌ಗೆ ಹೇಳಿ. ಅಂದಿನ ಅಂಕ ಮಗುವಿನ ಬುದ್ಧಿಯದ್ದಲ್ಲ, ಸಕ್ಕರೆಯದ್ದು. ಉಡುಗೊರೆಯಾಗಿ ಚಾಕೊಲೇಟ್ ಬೇಡ, ಬಣ್ಣದ ಪೆನ್ಸಿಲ್ ಕೊಡಿ. ಮಧ್ಯದಲ್ಲೇ ಎದ್ದುಹೋದ ಮಗುವಿಗೂ ಕೊಡಿ, ಇಲ್ಲದಿದ್ದರೆ ಅದು ಆಮಿಷವಾಗುತ್ತದೆ.

ಪಕ್ಕದಲ್ಲಿ ಕೂತ ಅಮ್ಮ ‘ಹೇಳು, ಚೆನ್ನಾಗಿದೀನಿ ಅಂತ ಹೇಳು’ ಎನ್ನುವುದು ಖಾತ್ರಿ. ಹೊರಗೆ ಹೋಗಿ ಎಂದರೆ ಇಬ್ಬರಿಗೂ ಅಳುಕು. ಅದೇ ಹೊತ್ತಿಗೆ ಅಮ್ಮನ ಕೈಗೆ ಪೋಷಕರ ಪ್ರಶ್ನಾವಳಿ ಕೊಟ್ಟು, ಮಗುವಿಗೆ ಕಾಣುವಷ್ಟು ದೂರದಲ್ಲಿ, ಮಾತು ಕೇಳಿಸದಷ್ಟು ಅಂತರದಲ್ಲಿ ಕೂರಿಸಿ. ಓದಲು ಬಾರದ ಪೋಷಕರಿದ್ದರೆ ಎರಡನೆಯ ಸಹಾಯಕರು ಬೇಕಾಗುತ್ತಾರೆ. ಬಜೆಟ್ಟಿನಲ್ಲಿ ಇದನ್ನು ಮರೆಯಬೇಡಿ, ಬಸ್ ಚಾರ್ಜನ್ನೂ ಕೂಡ.

ಪೆಡ್ಸ್‌ಕ್ಯೂಎಲ್‌ನ ಮೂಲ ರೂಪದಲ್ಲಿ 23 ಪ್ರಶ್ನೆ: ದೈಹಿಕ 8, ಭಾವನೆ 5, ಸಾಮಾಜಿಕ 5, ಶಾಲೆ 5. 5ರಿಂದ 7 ವರ್ಷದವರಿಗೆ ನೀವೇ ಓದಿ ಹೇಳಬೇಕು. ಅವರಿಗೆ ಐದಲ್ಲ, ಮೂರೇ ಆಯ್ಕೆ, ಮುಖಗಳ ಚಿತ್ರದೊಂದಿಗೆ. ಕಳೆದ ಒಂದು ತಿಂಗಳ ಬಗ್ಗೆ ಕೇಳುವ ರೂಪವನ್ನು ಮೇ ತಿಂಗಳಲ್ಲಿ ಬಳಸಿದರೆ ಶಾಲೆಯ ಐದೂ ಪ್ರಶ್ನೆ ಖಾಲಿ. ಆಗ ಬೇಸಿಗೆ ರಜೆ. ದಸರಾ ರಜೆಯಲ್ಲೂ ಇದೇ ಪಾಡು. ಒಂದು ಉಪಮಾಪನದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಇಲ್ಲದಿದ್ದರೆ ಅದರ ಅಂಕ ಲೆಕ್ಕ ಹಾಕುವಂತಿಲ್ಲ. ಹಾಗಾಗಿ ಕಾಲಪಟ್ಟಿಯನ್ನು ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡೇ ಬರೆಯಿರಿ.

ಅಂಕ ಹಾಕುವಾಗ

ಪೆಡ್ಸ್‌ಕ್ಯೂಎಲ್‌ನಲ್ಲಿ 0, 1, 2, 3, 4 ಎಂಬ ಉತ್ತರಗಳು 100, 75, 50, 25, 0 ಆಗುತ್ತವೆ. ಹೆಚ್ಚು ಅಂಕ ಎಂದರೆ ಒಳ್ಳೆಯ ಸ್ಥಿತಿ. ಮಕ್ಕಳ ಭಾವನೆ, ನಡವಳಿಕೆಯ ಪ್ರಶ್ನಾವಳಿಯಾದ ಎಸ್‌ಡಿಕ್ಯೂನಲ್ಲಿ ಒಟ್ಟು ತೊಂದರೆಯ ಅಂಕ 0ರಿಂದ 40. ಹೆಚ್ಚು ಎಂದರೆ ಕಷ್ಟ ಹೆಚ್ಚು. ಅದರ 25 ಪ್ರಶ್ನೆಗಳಲ್ಲಿ ಒಳ್ಳೆಯ ನಡವಳಿಕೆಯ 5 ಈ ಒಟ್ಟಿಗೆ ಸೇರುವುದಿಲ್ಲ. ಇವೆರಡರ ನಡುವೆ ಧನ ಸಹಸಂಬಂಧ ಬಂದರೆ ಹೊಸ ಸಂಶೋಧನೆ ಎಂದು ಹಿಗ್ಗಬೇಡಿ, ತಿರುಗಿಸಿ ಹಾಕಬೇಕಾದ ಅಂಕ ತಿರುಗಿಲ್ಲವೇ ಎಂದು ಮೊದಲು ನೋಡಿ.

ಮಗುವಿನ ಅಂಕ, ಪೋಷಕರ ಅಂಕ ಎರಡನ್ನೂ ಸೇರಿಸಿ ಸರಾಸರಿ ಮಾಡಬೇಡಿ. ಹೋಲಿಸಲು ಪಿಯರ್ಸನ್ ಸಹಸಂಬಂಧವೊಂದೇ ಸಾಲದು: ಪ್ರತಿ ಅಮ್ಮನೂ ತನ್ನ ಮಗುವಿಗಿಂತ ಸರಿಯಾಗಿ 10 ಅಂಕ ಕಡಿಮೆ ಕೊಟ್ಟರೂ ಪಿಯರ್ಸನ್ 1 ಎನ್ನುತ್ತದೆ, ಆದರೆ ಇಬ್ಬರೂ ಒಪ್ಪಿಲ್ಲ. ಒಪ್ಪಂದವನ್ನು ಅಳೆಯುವ ರೂಪದ ಐಸಿಸಿ (ಇಂಟ್ರಾಕ್ಲಾಸ್ ಸಹಸಂಬಂಧ ಗುಣಾಂಕ) ಬಳಸಿ, ಸರಾಸರಿ ವ್ಯತ್ಯಾಸವನ್ನೂ ಬರೆಯಿರಿ. ಭಾವನೆಗಳ ಭಾಗದಲ್ಲಿ ಇಬ್ಬರ ಉತ್ತರ ದೂರ ಇದ್ದರೆ ಅದನ್ನು ದೋಷವೆಂದು ಅಡಿಟಿಪ್ಪಣಿಗೆ ತಳ್ಳಬೇಡಿ. ಇನ್ಸುಲಿನ್ ಚುಚ್ಚುವುದನ್ನು ಕಂಡ ಅಮ್ಮನಿಗೆ ಗೊತ್ತಿರುವುದು ಬೇರೆ, ಮಧ್ಯಾಹ್ನ ತರಗತಿಯ ಮೂಲೆಯಲ್ಲಿ ಅದನ್ನು ಚುಚ್ಚಿಕೊಳ್ಳುವ ಮಗುವಿಗೆ ಗೊತ್ತಿರುವುದು ಬೇರೆ. ಅದಕ್ಕೆ ಪ್ರಬಂಧದಲ್ಲಿ ಒಂದು ಅಧ್ಯಾಯವೇ ಸಲ್ಲುತ್ತದೆ.

ಹೆಸರು ಮತ್ತು ಆಸ್ಪತ್ರೆ ಸಂಖ್ಯೆ ಇರುವ ಪಟ್ಟಿ ಒಂದು ಕಡೆ ಬೀಗದೊಳಗೆ, ಕೋಡ್ ಮಾತ್ರ ಇರುವ ದತ್ತಾಂಶ ಇನ್ನೊಂದು ಕಡೆ. ವಾಟ್ಸ್ಆ್ಯಪ್‌ನಲ್ಲಿ ಫಾರ್ಮಿನ ಫೋಟೊ ಗೈಡ್‌ಗೆ ಕಳಿಸುವ ಅಭ್ಯಾಸ ಬೇಡ. ಹಕ್ಕುಸ್ವಾಮ್ಯದ ಮಾಪನದ ಪೂರ್ತಿ ಪ್ರಶ್ನೆಗಳನ್ನು ಪ್ರಬಂಧದ ಅನುಬಂಧದಲ್ಲಿ ಅಚ್ಚು ಹಾಕಬೇಡಿ. ಪ್ರಬಂಧ ಆನ್‌ಲೈನ್ ಪ್ರಬಂಧ ಭಂಡಾರವಾದ ಶೋಧಗಂಗಾಕ್ಕೆ ಏರಿದ ಮೇಲೆ ಅದು ಸಾರ್ವಜನಿಕ. ಅನುಮತಿ ಪತ್ರವನ್ನಷ್ಟೇ ಲಗತ್ತಿಸಿ.